ಮೈಸೂರಿನ ವಿದ್ಯಾರ್ಥಿಗಳೇ, ಕಡಿಮೆ ಖರ್ಚಿನಲ್ಲಿ ಸಂಗೀತ ಕಚೇರಿ, ನಾಟಕ ನೋಡುವುದು ಹೇಗೆ?

[ಪರದೆ: ಮಾನಸಗಂಗೋತ್ರಿಯ ಬಯಲು ರಂಗಮಂದಿರ, ಸಂಜೆ]

ನಮಸ್ಕಾರ. ಮೈಸೂರಿನಲ್ಲಿ ಓದುತ್ತಿರುವವರಿಗೆ ಸಂಗೀತ, ನಾಟಕ ದುಬಾರಿಯಾಗುವುದು ಟಿಕೆಟ್ಟಿನಿಂದಲ್ಲ. ಮುಗಿದ ಮೇಲೆ ಹಿಡಿಯುವ ಆಟೊ, ಮೆಸ್ ಊಟ ತಪ್ಪಿ ಹೋಟೆಲಿನಲ್ಲಿ ಮಾಡುವ ಊಟ, ದುಡ್ಡು ಹೋಗುವುದು ಇಲ್ಲಿ. ಅದಕ್ಕೇ ಮೊದಲು ಈ ಎರಡನ್ನು ಸರಿಮಾಡಿಕೊಳ್ಳಿ.

ಬೆಳಿಗ್ಗೆಯೇ ಮೆಸ್ಸಿನವರಿಗೆ ಹೇಳಿ ಒಂದು ತಟ್ಟೆ ತೆಗೆದಿಡಿಸಿ. ಐದು ಗಂಟೆಗೆ ಎರಡು ಬಾಳೆಹಣ್ಣು, ಒಂದಿಷ್ಟು ಕಡಲೆಬೀಜ ತಿಂದು ಹೊರಡಿ. ಹಾಸ್ಟೆಲ್ ಗೇಟ್ ಎಷ್ಟಕ್ಕೆ ಮುಚ್ಚುತ್ತಾರೆ ಅಂತ ನೋಡಿಕೊಂಡು, ತಡವಾಗುವ ದಿನ ವಾರ್ಡನ್ನರಿಗೆ ಮೊದಲೇ ಪತ್ರ ಕೊಡಿ. ಹುಡುಗಿಯರಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಿದೆ: ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಕೈಯಲ್ಲಿದ್ದರೆ ನಗರ ಸಾರಿಗೆ ಬಸ್ಸು ಉಚಿತ. ವಿದ್ಯಾರ್ಥಿ ಪಾಸ್ ನೆಚ್ಚಿಕೊಂಡವರು ಅದರಲ್ಲಿ ಬರೆದಿರುವ ಮಾರ್ಗ ಓದಿಕೊಳ್ಳಿ. ಮನೆಯಿಂದ ಕಾಲೇಜಿಗೆ ಇರುವ ಪಾಸು ಕಲಾಮಂದಿರದ ದಾರಿಗೆ ನಡೆಯದೆ ಹೋಗಬಹುದು.

[ಪರದೆ: ಮೈಸೂರು ನಕ್ಷೆ, ನಾಲ್ಕು ಗುರುತು]

ಇನ್ನು ಜಾಗಗಳು. ದಸರಾಗೆ ಮುಂಚೆ ನಮ್ಮ ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿಯ ಬಯಲು ರಂಗಮಂದಿರದಲ್ಲೇ ಯುವ ಸಂಭ್ರಮ ನಡೆಯುತ್ತದೆ. ನಾನಾ ಕಾಲೇಜುಗಳ ತಂಡಗಳು ಕುಣಿಯುತ್ತವೆ. ಮಳೆ ಬರುವ ಕಾಲ, ಕೊಡೆ ಬಿಚ್ಚಿದರೆ ಹಿಂದಿನವರಿಗೆ ಏನೂ ಕಾಣುವುದಿಲ್ಲ; ರೇನ್‌ಕೋಟ್ ತನ್ನಿ. ನವರಾತ್ರಿಯ ಸಂಜೆಗಳಲ್ಲಿ ಅರಮನೆ ಮುಂದೆ ಕಚೇರಿಗಳು. ಗಣೇಶನ ಹಬ್ಬದ ಹೊತ್ತಿಗೆ ಒಂಟಿಕೊಪ್ಪಲಿನ ಎಂಟನೇ ಕ್ರಾಸಿನಲ್ಲಿ ಬೀದಿಗೇ ಚಪ್ಪರ ಹಾಕಿ ದಿನಕ್ಕೊಂದು ಕಚೇರಿ. ಗಂಗೋತ್ರಿಯಿಂದ ನಡೆದೇ ಹೋಗಬಹುದು. ಶಾಸ್ತ್ರೀಯ ಸಂಗೀತ ಶುರುಮಾಡುವವರಿಗೆ ನಮ್ಮ ಮಟ್ಟಿಗೆ ಅದಕ್ಕಿಂತ ಒಳ್ಳೆಯ ಜಾಗ ಊರಲ್ಲಿಲ್ಲ.

ನಾಟಕಕ್ಕೆ ರಂಗಾಯಣ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿದ ಸಂಸ್ಥೆ, ಕಲಾಮಂದಿರದ ಆವರಣದಲ್ಲಿದೆ. ಅಲ್ಲಿಯ ಭೂಮಿಗೀತ ಚಿಕ್ಕ ರಂಗಮಂದಿರ. ಹೆಸರಾದ ನಾಟಕವಿದ್ದರೆ ಟಿಕೆಟ್ ಬೇಗ ಮುಗಿಯುತ್ತದೆ, ಹಿಂದಿನ ದಿನವೇ ತೆಗೆದುಕೊಳ್ಳಿ. ಬಹುರೂಪಿ ನಾಟಕೋತ್ಸವದ ದಿನಗಳಲ್ಲಿ ಎಲ್ಲ ನಾಟಕಕ್ಕೂ ಟಿಕೆಟ್ ಕೊಳ್ಳಲಾಗದಿದ್ದರೂ ಬನ್ನಿ. ಕಿಂದರಿಜೋಗಿ ಬಯಲು ವೇದಿಕೆಯಲ್ಲಿ ಸಂಜೆ ನಡೆಯುವ ಜನಪದ ಕಲೆಗಳನ್ನು ನಿಂತೇ ನೋಡಬಹುದು.

[ಪರದೆ: ವೇದಿಕೆಯ ಚಿತ್ರ, ಗಾಯಕರ ಎರಡು ಪಕ್ಕ]

ಕಚೇರಿಯಲ್ಲಿ ಎಲ್ಲಿ ಕೂರಬೇಕು? ಮೊದಲ ಸಾಲು ಸಿಕ್ಕಿತು ಅಂತ ಸ್ಪೀಕರಿನ ಮುಂದೆ ಕೂತರೆ ಪಿಟೀಲು ಕಿವಿಗೆ ಚುಚ್ಚುತ್ತದೆ, ಹಾಡಿನ ಮಾತು ತಿಳಿಯುವುದಿಲ್ಲ. ಮಧ್ಯದಿಂದ ಸ್ವಲ್ಪ ಎಡಕ್ಕೆ, ನಾಲ್ಕೈದನೇ ಸಾಲು ನೋಡಿ. ಸಾಮಾನ್ಯವಾಗಿ ನಮ್ಮ ಎಡಗಡೆ ಮೃದಂಗ, ಬಲಗಡೆ ಪಿಟೀಲು ಇರುತ್ತದೆ. ಮೃದಂಗದ ಬಲಮುಖ ಸಭೆಯ ಕಡೆಗಿರಲಿ ಅಂತ ಹಾಗೆ. ವಾದಕರು ಎಡಗೈಯವರಾದರೆ ಜಾಗ ಅದಲುಬದಲು.

ಹೊಸಬರು ಎದ್ದು ಹೋಗುವುದು ಒಂದೇ ಕಡೆ: ತನಿ ಆವರ್ತನದಲ್ಲಿ. ಕಚೇರಿ ಸುಮಾರು ಎರಡೂವರೆ ಗಂಟೆ. ಮುಖ್ಯ ಕೃತಿಯ ಕೊನೆಗೆ ಗಾಯಕರು ಸುಮ್ಮನಾಗಿ ಕೈಯಲ್ಲಿ ತಾಳ ಹಾಕುತ್ತಾರೆ, ಮೃದಂಗ ಒಂದೇ ನುಡಿಯುತ್ತದೆ. ಹಾಡು ನಿಂತಿತು, ಕಾಫಿ ಕುಡಿದು ಬರೋಣ ಅಂತ ಅರ್ಧ ಸಭೆ ಏಳುತ್ತದೆ. ದಯವಿಟ್ಟು ಏಳಬೇಡಿ. ಮೃದಂಗದವರಿಗೆ ಇಡೀ ಸಂಜೆಯಲ್ಲಿ ತಮ್ಮದೇ ಅಂತ ಸಿಗುವುದು ಆ ಹತ್ತು ಹದಿನೈದು ನಿಮಿಷ.

ಅದು ರುಚಿಸಬೇಕಾದರೆ ಆದಿತಾಳ, ಅಂದರೆ ಎಂಟು ಎಣಿಕೆಯ ತಾಳ, ಕಲಿಯಿರಿ, ಐದು ನಿಮಿಷದ ಕೆಲಸ.

[ಪರದೆ: ತೊಡೆಯ ಮೇಲೆ ಕೈ, ನಿಧಾನವಾಗಿ]

ಒಂದು ಪೆಟ್ಟು, ಆಮೇಲೆ ಕಿರುಬೆರಳು, ಉಂಗುರ ಬೆರಳು, ನಡುಬೆರಳು. ನಾಲ್ಕಾಯಿತು. ಪೆಟ್ಟು, ಬೀಸು. ಪೆಟ್ಟು, ಬೀಸು. ಬೀಸು ಅಂದರೆ ಅಂಗೈ ಮೇಲೆ ಮಾಡುವುದು. ಒಟ್ಟು ಎಂಟು. ಗಾಯಕರ ಕೈ ನೋಡುತ್ತಾ ಸದ್ದಿಲ್ಲದೆ ಹಾಕಿ. ತನಿಯ ಕೊನೆಗೆ ಒಂದೇ ನುಡಿಕಟ್ಟು ಮೂರು ಸಲ ಬರುತ್ತದೆ, ಅದು ಕೋರ್ವೆ. ಮೂರನೆಯದು ಮುಗಿದ ಕೂಡಲೇ ಗಾಯಕರು ಬಿಟ್ಟ ಸಾಲನ್ನೇ ಎತ್ತಿಕೊಳ್ಳುತ್ತಾರೆ. ಆ ಜಾಗಕ್ಕೆ ನಿಮ್ಮ ಕೈಯೂ ಸರಿಯಾಗಿ ಬಂದು ನಿಂತರೆ ಮೈ ಜುಮ್ಮೆನ್ನುತ್ತದೆ.

ನಾಟಕದಲ್ಲಿ ಒಂದೇ ಮಾತು: ಫೋನ್ ಸೈಲೆಂಟ್ ಸಾಲದು, ಆಫ್ ಮಾಡಿ. ಕತ್ತಲಲ್ಲಿ ಆ ಬೆಳಕು ನಟರ ಕಣ್ಣಿಗೇ ಹೊಡೆಯುತ್ತದೆ.

[ಪರದೆ: ಜಮಖಾನೆ ಹಾಸಿದ ಕಾಲೇಜು ಹಾಲ್]

ಕಾಸಿಲ್ಲದೆ ಅತಿ ಹೆಚ್ಚು ಕಲಿಯುವ ದಾರಿ ಸ್ವಯಂಸೇವಕರಾಗುವುದು. ಸ್ಪಿಕ್ ಮೆಕೆ ಎಂಬ ಸಂಸ್ಥೆ 1977ರಿಂದ ಶಾಲೆ, ಕಾಲೇಜುಗಳಿಗೆ ಕಲಾವಿದರನ್ನು ಕರೆತರುತ್ತಿದೆ. ಐಐಟಿ ದೆಹಲಿಯ ಪ್ರಾಧ್ಯಾಪಕ ಕಿರಣ್ ಸೇಠ್ ಶುರುಮಾಡಿದ್ದು. ಕೇಳುವವರಿಗೆ ಉಚಿತ, ಓಡಾಡುವವರು ಬಹುಪಾಲು ವಿದ್ಯಾರ್ಥಿಗಳೇ. ಆದರೆ ಬಾಗಿಲು ಕಾಯುವ ಕೆಲಸ ಒಪ್ಪಿಕೊಂಡರೆ ಕಚೇರಿ ಪೂರ್ತಿ ಹೊರಗೇ ನಿಲ್ಲುತ್ತೀರಿ. ವೇದಿಕೆಯ ಕೆಲಸ ಕೇಳಿ ಪಡೆಯಿರಿ.

ಅಲ್ಲಿ ಕೆಡುವುದು ಹೆಚ್ಚಾಗಿ ಸೌಂಡ್. ಗಾಯಕರಿಗೆ ಒಂದು, ಪಿಟೀಲಿಗೆ ಒಂದು, ಮೃದಂಗಕ್ಕೆ ಮುಖಕ್ಕೊಂದರಂತೆ ಎರಡು, ಒಟ್ಟು ನಾಲ್ಕು ಮೈಕ್ ಬೇಕು. ಮೂರೇ ಬಂದರೆ ಮೃದಂಗದ ಎಡಮುಖದ ಗುಂಕಿ, ಅಂದರೆ ಆ ತಗ್ಗಿನ ಗುಂಯ್‌ಗುಡುವ ನಾದ, ಸತ್ತುಹೋಗುತ್ತದೆ. ವೇದಿಕೆಯ ಫ್ಯಾನ್ ನಿಲ್ಲಿಸಿ, ಗಾಳಿ ಮೈಕಿಗೆ ನುಗ್ಗಿ ಭರ್ರೆನ್ನುತ್ತದೆ. ಎಸಿ ಹಾಕುವುದಿದ್ದರೆ ಕಲಾವಿದರು ಶ್ರುತಿ ಮಾಡುವುದಕ್ಕೆ ಅರ್ಧ ಗಂಟೆ ಮುಂಚೆಯೇ ಹಾಕಿ. ಹಾಡಿನ ನಡುವೆ ಹಾಕಿದರೆ ತಂಪಿಗೆ ಮೃದಂಗದ ಚರ್ಮದ ಬಿಗಿ ಬದಲಾಗಿ ಶ್ರುತಿ ತಪ್ಪುತ್ತದೆ. ಎಡಮುಖಕ್ಕೆ ಹಚ್ಚಲು ಒಂದು ಹಿಡಿ ರವೆ, ಒಂದು ಲೋಟ ನೀರು ಬೇಕಾ ಅಂತ ಮೃದಂಗದವರನ್ನು ಕೇಳಿಡಿ. ಕೊನೇ ಗಳಿಗೆಯಲ್ಲಿ ಕ್ಯಾಂಪಸ್‌ನಲ್ಲಿ ರವೆ ಎಲ್ಲಿಂದ ತರುತ್ತೀರಿ?

ಮುಗಿದ ಮೇಲೆ ಮೊದಲು ಮೈಕ್ ವೈರ್ ಸುತ್ತಿ, ಆಮೇಲೆ ಜಮಖಾನೆಗೆ ಕೈಹಾಕಿ. ವೈರ್ ಅದರಡಿ ಇರುವಾಗ ಎಳೆದರೆ ಸ್ಟ್ಯಾಂಡೂ ಜೊತೆಗೆ ಉರುಳುತ್ತದೆ.