ಕನ್ನಡದಲ್ಲಿ ಕೇಳಿದರೆ ಎಐ ಬಿಲ್ ಯಾಕೆ ಜಾಸ್ತಿ?

ನಮಸ್ಕಾರ್ರೀ. ಇವತ್ತಿನ ಪ್ರಶ್ನೆ ಗದಗದಿಂದ ಬಂದಿದೆ. ಕೇಳಿದವರು ಪ್ರಿಂಟಿಂಗ್ ಪ್ರೆಸ್ ನಡೆಸುತ್ತಾರೆ. ಅವರ ಮಾತಿನಲ್ಲೇ ಓದುತ್ತೇನೆ.

"ಸರ, ಪ್ರೂಫ್ ನೋಡಾಕ ಒಂದು ಎಐ ತಗೊಂಡೇವ್ರಿ. ಮೊದಲ ರೊಕ್ಕ ತುಂಬಬೇಕು, ಬಳಸಿದಂಗ ಕಡಿಮಿ ಆಗ್ತದ. ಇಂಗ್ಲಿಷ್ ಪುಸ್ತಕ ಕೊಟ್ರ ಭಾಳ ದಿನ ಬರ್ತದ. ಅಷ್ಟ ಪುಟದ ಕನ್ನಡ ಪುಸ್ತಕ ಕೊಟ್ರ ಲಗೂನ ಖಾಲಿ. ನಮ್ಮ ಹುಡುಗ ಏನರ ತಪ್ಪು ಒತ್ತಾಕತ್ತಾನೇನ್ರಿ?"

ಇಲ್ರೀ. ದಯವಿಟ್ಟು ಹುಡುಗನ್ನ ಬೈಬೇಡಿ.

ಮೊದಲು ಬೇಸಿಕ್ಸ್, ಬೇಗ ಮುಗಿಸೋಣ. ಚಾಟ್‌ಬಾಟ್ ಅಂದರೆ ಮುಂದೆ ಬರುವ ತುಣುಕು ಯಾವುದು ಅಂತ ಊಹಿಸುತ್ತಾ ಹೋಗುವ ಯಂತ್ರ. ಆ ತುಣುಕಿಗೆ ಟೋಕನ್ ಅಂತಾರೆ. ನೀವು ಕೊಟ್ಟಿದ್ದಕ್ಕೂ, ಅದು ಬರೆದಿದ್ದಕ್ಕೂ ಬಿಲ್ ಆಗುವುದು ಟೋಕನ್ ಲೆಕ್ಕದಲ್ಲಿ. ಪುಟದ ಲೆಕ್ಕ ಅಲ್ಲ, ಪದದ ಲೆಕ್ಕವೂ ಅಲ್ಲ. ಇವತ್ತಿಗೆ ಇಷ್ಟು ಸಾಕು.

[ಸ್ಕ್ರೀನ್ ತುಂಬ ದೊಡ್ಡದಾಗಿ: ಹುಬ್ಬಳ್ಳಿ]

ಈಗ ನನಗೆ ಖುಷಿ ಕೊಡೋ ಭಾಗ. ಈ ಪದದಲ್ಲಿ ಎಷ್ಟು ಅಕ್ಷರ? ಹು, ಬ್ಬ, ಳ್ಳಿ. ಮೂರು, ಅಲ್ವಾ? ಒಂದನೇ ಕ್ಲಾಸಿನ ಮಗು ಕೂಡ ಹೇಳುತ್ತೆ. ಆದರೆ ಯೂನಿಕೋಡ್, ಅಂದರೆ ಎಲ್ಲ ಲಿಪಿಗಳನ್ನೂ ಕಂಪ್ಯೂಟರಿನಲ್ಲಿ ಇಡುವ ಪದ್ಧತಿ, ಇದನ್ನ 9 ಭಾಗ ಮಾಡಿ ಇಡುತ್ತೆ. ಹ, ಅದರ ಕೊಂಬು, ಬ, ಅರ್ಧಾಕ್ಷರದ ಗುರುತು, ಮತ್ತೆ ಬ, ಹೀಗೆ. ಪ್ರತಿ ಭಾಗಕ್ಕೂ ಕಂಪ್ಯೂಟರಿನಲ್ಲಿ 3 ಬೈಟ್ ಜಾಗ ಬೇಕು. ಒಟ್ಟು 27 ಬೈಟ್. ಅದೇ ಊರಿನ ಹೆಸರನ್ನ ಇಂಗ್ಲಿಷಿನಲ್ಲಿ ಬರೆದರೆ 8 ಅಕ್ಷರ, 8 ಬೈಟ್. ಮುಗೀತು.

[ಸ್ಕ್ರೀನ್ ಮೇಲೆ ಊರುಗಳ ಪಟ್ಟಿ]

ಧಾರವಾಡಕ್ಕೆ 18 ಬೈಟ್. ಹಾವೇರಿಗೂ 18. ಗದಗ? ಬರೀ 9! ಒತ್ತಿಲ್ಲ, ಗುಣಿತಾಕ್ಷರ ಇಲ್ಲ. ಗದಗದವರು ಪುಣ್ಯವಂತರು. ಆದರೆ ಅದೇ ಜಿಲ್ಲೆಯ ಲಕ್ಷ್ಮೇಶ್ವರಕ್ಕೆ 33, ಅಲ್ಲಿಗೆ ಲೆಕ್ಕ ಸರಿಹೋಯಿತು. ರಾಣೆಬೆನ್ನೂರಿನವರೇ, ನಿಮ್ಮದು 36. ಊರ ಹೆಸರು ಬರೆದೇ ದಿವಾಳಿ.

ಬೈಟ್ ಜಾಸ್ತಿ ಆದ ಮಾತ್ರಕ್ಕೆ ಬಿಲ್ ಜಾಸ್ತಿ ಆಗಬೇಕಂತಿಲ್ಲ. ಆಗುವುದು ಮುಂದಿನ ಹೆಜ್ಜೆಯಲ್ಲಿ. ಇದನ್ನ ಗದಗದ ಭಾಷೆಯಲ್ಲೇ ಹೇಳ್ತೀನಿ. ಮುದ್ರಣ ಕಾಶಿ ಅಂತ ಹೆಸರಾದ ಊರು ಅದು. ಅಲ್ಲಿನ ಹಿರಿಯರಿಗೆ ಮೊಳೆ, ಅಂದರೆ ಅಚ್ಚಿನ ಅಕ್ಷರ, ಜೋಡಿಸುವ ಕೆಲಸ ಹೊಸದಾಗಿ ಹೇಳಿಕೊಡಬೇಕಿಲ್ಲ. ಕಂಪೋಸಿಟರ್ ಎದುರಿಗೆ ಖಾನೆಗಳಿರುವ ಕೇಸ್ ಇರುತ್ತಿತ್ತು. ಬೇಕಾದ ಅಕ್ಷರದ ಮೊಳೆ ಖಾನೆಯಲ್ಲಿ ರೆಡಿ ಇದ್ದರೆ ಒಂದು ಸಲ ಕೈ ಹಾಕಿದರೆ ಸಾಕು. ಇಲ್ಲದಿದ್ದರೆ? ಅಕ್ಷರ ಒಂದು ಖಾನೆಯಿಂದ, ಒತ್ತು ಇನ್ನೊಂದರಿಂದ ತೆಗೆದು ಕೂಡಿಸಬೇಕು. ಎಐ ಹತ್ತಿರವೂ ಇಂಥದ್ದೇ ಒಂದು ಕೇಸ್ ಇದೆ. ಅದರ ಖಾನೆಗಳಲ್ಲಿ ಏನಿರಬೇಕು ಅಂತ ತೀರ್ಮಾನ ಮಾಡುವುದು ತರಬೇತಿಗೆ ಕೊಟ್ಟ ಬರಹ. ಯಾವ ಜೋಡಿ ಪದೇ ಪದೇ ಬರುತ್ತೋ ಅದಕ್ಕೊಂದು ಸ್ವಂತ ಖಾನೆ. ಇಂಟರ್ನೆಟ್ಟಿನಲ್ಲಿ ಇಂಗ್ಲಿಷ್ ರಾಶಿ ರಾಶಿ ಇದೆ. ಹಾಗಾಗಿ ಇಂಗ್ಲಿಷಿಗೆ ಇಡೀ ಇಡೀ ಪದಗಳೇ ರೆಡಿ. ನಮಗೆ ಎಷ್ಟೋ ಕಡೆ ಇಡೀ ಅಕ್ಷರವೂ ಇಲ್ಲ, ಬಿಡಿ ಬೈಟ್‌ಗಳನ್ನ ಹೆಕ್ಕಿ ಜೋಡಿಸಬೇಕು. ಕೈ ಹಾಕಿದಷ್ಟು ಸಲ ಕೂಲಿ. ಕೊಡುವವರು ನೀವು.

ಇದು ನನ್ನ ಹೊಟ್ಟೆಕಿಚ್ಚಿನ ಮಾತಲ್ಲ. ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ 2024ರ ಮೇ ತಿಂಗಳಲ್ಲಿ ಜಿಪಿಟಿ-4ಒ ಅನ್ನೋ ಮಾಡೆಲ್, ಅಂದರೆ ಚಾಟ್‌ಬಾಟಿನ ಒಳಗಿನ ಯಂತ್ರ, ಬಿಡುಗಡೆ ಮಾಡಿದಾಗ ತಾನೇ ಈ ಅಂಕಿ ಕೊಟ್ಟಿತು. ಒಂದೇ ಮಾತನ್ನ ಬೇರೆ ಬೇರೆ ಭಾಷೆಯಲ್ಲಿ ಬರೆದು ಎಣಿಸಿದರು. ಹಳೆಯ ಕೇಸಿನಲ್ಲಿ ಇಂಗ್ಲಿಷಿಗೆ 27 ಟೋಕನ್. ತೆಲುಗಿಗೆ 159! ಖಾನೆಗಳನ್ನ ಸುಮಾರು 1 ಲಕ್ಷದಿಂದ 2 ಲಕ್ಷಕ್ಕೆ ಏರಿಸಿದ ಮೇಲೆ ತೆಲುಗು 45ಕ್ಕೆ ಇಳಿಯಿತು, ಇಂಗ್ಲಿಷ್ 24ಕ್ಕೆ. ಆ ಪಟ್ಟಿಯಲ್ಲಿ ತೆಲುಗು ಇತ್ತು, ತಮಿಳು ಇತ್ತು, ಮರಾಠಿ, ಗುಜರಾತಿ ಎಲ್ಲ ಇದ್ದವು. ಕನ್ನಡ ಇರಲಿಲ್ಲ. ಇರಲಿ, ತೆಲುಗಿನ ಲಿಪಿ ನಮ್ಮ ಲಿಪಿಯ ತಂಗಿ. ನಮ್ಮ ಪಾಡು ಏನಿದ್ದಿರಬಹುದು ಅಂತ ನೀವೇ ಊಹಿಸಿ.

ದುಡ್ಡಷ್ಟೇ ಅಲ್ಲ. ಟೋಕನ್ ಜಾಸ್ತಿ ಅಂದರೆ ಉತ್ತರ ನಿಧಾನ. ಎಐ ಒಂದು ಸಲಕ್ಕೆ ನೆನಪಿನಲ್ಲಿ ಇಟ್ಟುಕೊಳ್ಳುವ ಪಠ್ಯಕ್ಕೂ ಟೋಕನ್ ಮಿತಿ ಇದೆ. ಇಂಗ್ಲಿಷ್ ಪುಸ್ತಕ ಇಡೀ ಹಿಡಿಸುವ ಜಾಗದಲ್ಲಿ ಕನ್ನಡ ಪುಸ್ತಕದ ಒಂದು ಭಾಗವಷ್ಟೇ ಹಿಡಿಸಬಹುದು.

ಕಂಪನಿಗಳು ನಮ್ಮ ಮೇಲೆ ಹಗೆ ಸಾಧಿಸುತ್ತಿವೆ ಅಂತ ನಾನು ಹೇಳಲ್ಲ. ಅಷ್ಟು ಪುರುಸೊತ್ತು ಅವರಿಗೆ ಎಲ್ಲಿದೆ? ನಾವು ಅವರ ಲೆಕ್ಕದಲ್ಲೇ ಇರಲಿಲ್ಲ, ಅಷ್ಟೇ. ಆದರೆ ಲೆಕ್ಕದಲ್ಲಿಲ್ಲದ ಗಿರಾಕಿಯಿಂದ ದುಡ್ಡು ಮಾತ್ರ ಜಾಸ್ತಿ ತಗೊಳ್ಳುವುದು ಯಾವ ನ್ಯಾಯ?

ಇನ್ನೊಂದು ತಮಾಷೆ ಗೊತ್ತಾ? ನಾವು ಈ ಟೋಕನ್ ಎಣಿಸಲು ಸಾಧ್ಯವಾಗಿದ್ದೇ ಓಪನ್ ಸೋರ್ಸ್‌ನಿಂದ, ಅಂದರೆ ಒಳಗಿನ ಕೋಡ್ ಯಾರು ಬೇಕಾದರೂ ನೋಡಿ ತಿದ್ದುವಂತೆ ಬಿಟ್ಟಿದ್ದರಿಂದ. ಎಣಿಸುವ ಟಿಕ್‌ಟೋಕನ್ ಅನ್ನೋ ಪ್ರೋಗ್ರಾಮನ್ನ ಅದೇ ಓಪನ್‌ಎಐ ತೆರೆದಿಟ್ಟಿದೆ. ಜಿಪಿಟಿ-4ಒ ಮಾಡೆಲ್ ಮಾತ್ರ ಬೀಗದೊಳಗೆ. ಬಿಲ್ ಯಾಕೆ ಜಾಸ್ತಿ ಅಂತ ನೋಡಬಹುದು, ಕಡಿಮೆ ಮಾಡಿಕೊಳ್ಳೋಕೆ ಕೈ ಹಾಕುವಂತಿಲ್ಲ.

ಕೈ ಹಾಕಲು ಆಗದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಸಿದ್ದರಾಮಯ್ಯನವರನ್ನೇ ಕೇಳಿ. 2025ರ ಜುಲೈನಲ್ಲಿ ಹಿರಿಯ ನಟಿ ಬಿ. ಸರೋಜಾದೇವಿ ತೀರಿಕೊಂಡರು. ಆಗ ಮುಖ್ಯಮಂತ್ರಿಯಾಗಿದ್ದ ಸಿದ್ದರಾಮಯ್ಯನವರು ಅಂತಿಮ ದರ್ಶನ ಪಡೆದು ಕನ್ನಡದಲ್ಲಿ ಪೋಸ್ಟ್ ಹಾಕಿದರು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಅನುವಾದ ಯಂತ್ರ ಅದನ್ನ ಇಂಗ್ಲಿಷಿಗೆ ತಿರುಗಿಸಿ, ತೀರಿಕೊಂಡವರು ಸಿದ್ದರಾಮಯ್ಯನವರೇ ಅನ್ನೋ ಹಾಗೆ ಬರೆದಿಟ್ಟಿತು! ಮುಖ್ಯಮಂತ್ರಿ ಕಡೆಯಿಂದ ದೂರು ಹೋಯಿತು, ಸರಿಯಾಗುವ ತನಕ ಕನ್ನಡದ ಆಟೋ ಅನುವಾದ ನಿಲ್ಲಿಸಿ ಅಂದರು. ಮೆಟಾ ಕ್ಷಮೆ ಕೇಳಿ ಸರಿ ಮಾಡಿದ್ದೇವೆ ಅಂದಿತು. ಒಳಗೆ ಏನು ಕೆಟ್ಟಿತ್ತು, ಏನು ಸರಿ ಮಾಡಿದರು ಅಂತ ಹೊರಗಿನ ಯಾರಾದರೂ ನೋಡಬಹುದಾ? ಇಲ್ಲ. ಮುಖ್ಯಮಂತ್ರಿ ಆದ್ದರಿಂದ ಕೇಳಿಸಿಕೊಂಡರು. ನವಲಗುಂದದ ಒಬ್ಬ ರೈತನ ಪೋಸ್ಟ್ ಹೀಗಾಗಿದ್ದರೆ ಅವನು ಯಾರಿಗೆ ಪತ್ರ ಬರೆಯಬೇಕಿತ್ತು?

ಈಗ ಇನ್ನೊಂದು ಕಡೆ ನೋಡಿ. ಐಐಟಿ ಮದ್ರಾಸಿನ ಎಐ4ಭಾರತ್ ತಂಡ 2023ರಲ್ಲಿ ಇಂಡಿಕ್‌ಟ್ರಾನ್ಸ್2 ಅಂತ ಅನುವಾದದ ಮಾಡೆಲ್ ಬಿಟ್ಟಿತು. ಸಂವಿಧಾನದ 8ನೇ ಪರಿಚ್ಛೇದದ 22 ಭಾಷೆಗಳೂ ಅದರಲ್ಲಿವೆ. ಕನ್ನಡಕ್ಕೆ ಬೇರೆ ಯಾರ ಪಟ್ಟಿಯಲ್ಲೂ ಜಾಗ ಬೇಡಬೇಕಿಲ್ಲ. ಎಂಐಟಿ ಲೈಸೆನ್ಸ್, ಅಂದರೆ ಯಾರು ಬೇಕಾದರೂ ಇಳಿಸಿಕೊಳ್ಳಿ, ತಿದ್ದಿ, ವ್ಯಾಪಾರಕ್ಕೂ ಬಳಸಿ. ತಪ್ಪೇ ಮಾಡಲ್ಲ ಅಂತಲ್ಲ, ಮಾಡುತ್ತೆ. ಆದರೆ ತಪ್ಪು ಮಾಡಿದ ವಾಕ್ಯವನ್ನೇ ಕೊಟ್ಟು ಹುಬ್ಬಳ್ಳಿ ವಿದ್ಯಾನಗರದ ಒಬ್ಬ ಇಂಜಿನಿಯರಿಂಗ್ ಹುಡುಗಿ ಹಾಸ್ಟೆಲ್‌ನಲ್ಲಿ ಕೂತು ಪರೀಕ್ಷೆ ಮಾಡಬಹುದು. ಹಾವೇರಿ, ಬ್ಯಾಡಗಿ ಕಡೆಯ ಮಾತು ಸೇರಿಸಿ ಮತ್ತೆ ತರಬೇತಿ ಕೊಡಬಹುದು. ನನಗೆ ಓಪನ್ ಸೋರ್ಸ್ ಹಿಡಿಸುವುದು ಪುಕ್ಕಟೆ ಅಂತ ಅಲ್ಲ, ಇದಕ್ಕೆ.

ಒಂದು ಎಚ್ಚರಿಕೆ. ಓಪನ್ ಅಂತ ಬೋರ್ಡ್ ಹಾಕಿದ್ದೆಲ್ಲ ಓಪನ್ ಅಲ್ಲ. ಮೆಟಾದ ಲಾಮಾ ಮಾಡೆಲ್ ಇಳಿಸಿಕೊಳ್ಳಬಹುದು, ಆದರೆ ತಿಂಗಳಿಗೆ 70 ಕೋಟಿಗಿಂತ ಜಾಸ್ತಿ ಬಳಕೆದಾರರಿರುವ ಕಂಪನಿ ಆದರೆ ಬೇರೆ ಅನುಮತಿ ಬೇಕು. ಗದಗದ ಪ್ರೆಸ್‌ಗೆ ಈ ಚಿಂತೆ ಸದ್ಯಕ್ಕಿಲ್ಲ, ಒಪ್ಪಿದೆ. ಆದರೂ ಯಾವ ಬರಹ ಕೊಟ್ಟು ಕಲಿಸಿದರು ಅನ್ನೋದನ್ನ ಅದು ಬಿಟ್ಟುಕೊಡಲ್ಲ.

[ಕೈಗಡಿಯಾರ ನೋಡುತ್ತಾ]

ಟೈಮ್ ಆಯ್ತು, ಉಳಿದದ್ದು ಒಂದೇ ಉಸಿರಿನಲ್ಲಿ. ಪ್ರೆಸ್‌ನವರೇ, ನಿಮ್ಮ ಫೈಲ್ ಹಳೆಯ ನುಡಿ ಅಥವಾ ಶ್ರೀಲಿಪಿ ಫಾಂಟಿನಲ್ಲಿದ್ದರೆ ಮೊದಲು ಯೂನಿಕೋಡ್‌ಗೆ ಬದಲಿಸಿ. ಆ ಫಾಂಟ್‌ಗಳಲ್ಲಿ ಒಳಗಿರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಕಲಸುಮೇಲೋಗರ, ಎಐ ಅದನ್ನ ಓದಿ ಹುಚ್ಚು ಉತ್ತರ ಕೊಡುತ್ತೆ, ಅದಕ್ಕೂ ಬಿಲ್ ಹಾಕುತ್ತೆ. ಬದಲಿಸುವ ಓಪನ್ ಸೋರ್ಸ್ ಪ್ರೋಗ್ರಾಮ್‌ಗಳನ್ನ ನಮ್ಮ ಕನ್ನಡದವರೇ ಬರೆದಿದ್ದಾರೆ. ಹಳೆ ಪುಸ್ತಕ ಸ್ಕ್ಯಾನ್ ಮಾಡಿ ಅಕ್ಷರ ತೆಗೆಯಲು ಟೆಸರಾಕ್ಟ್ ಇದೆ, ಕನ್ನಡ ಓದುತ್ತೆ, ಅದೂ ಓಪನ್ ಸೋರ್ಸ್. ಯಾವ ಎಐಗೆ ದುಡ್ಡು ತುಂಬುವ ಮುಂಚೆಯೂ ನಿಮ್ಮದೇ ಒಂದು ಪುಟ ಕೊಟ್ಟು ಟೋಕನ್ ಎಣಿಸಿ ನೋಡಿ. ಮತ್ತೆ, ಪ್ರೂಫ್ ನೋಡುವ ಮೇಷ್ಟ್ರನ್ನ ಬಿಡಬೇಡಿ. ಸಣ್ಣ ಮಾಡೆಲ್‌ಗಳು ಕನ್ನಡದಲ್ಲಿ ಸರಿ ಇದ್ದ ಪದವನ್ನೇ ತಿದ್ದಿ ಕೆಡಿಸುತ್ತವೆ.

ಆಫೀಸಿನ ಕಂಪ್ಯೂಟರಿನಲ್ಲೇ ನಡೆಸಬೇಕು ಅಂದರೆ ಓಲಾಮಾ ಅನ್ನೋ, ಮಾಡೆಲ್ ನಡೆಸುವ ಪ್ರೋಗ್ರಾಮ್ ಹಾಕಿಕೊಳ್ಳಿ. 800 ಕೋಟಿ ಪ್ಯಾರಾಮೀಟರ್‌ನ, ಅಂದರೆ ಕಲಿತದ್ದನ್ನ ಅಷ್ಟು ಅಂಕಿಗಳಲ್ಲಿ ಇಟ್ಟುಕೊಂಡ, ಮಾಡೆಲ್ಲನ್ನ ಕುಗ್ಗಿಸಿ ಇಟ್ಟರೆ ಸುಮಾರು 5 ಜಿಬಿ. 16 ಜಿಬಿ ರ‍್ಯಾಮ್ ಇದ್ದರೆ ನಿಧಾನಕ್ಕಾದರೂ ಓಡುತ್ತೆ, ನೆಟ್ ಬೇಕಿಲ್ಲ, ಟೋಕನ್ ಬಿಲ್ ಇಲ್ಲ, ಹೆಸ್ಕಾಂ ಬಿಲ್ ಮಾತ್ರ. 8 ಜಿಬಿ ಇದ್ದರೆ ಇನ್ನೂ ಸಣ್ಣದು ಇಳಿಸಿ, ಅದು ಓಡುವಾಗ ಟ್ಯಾಲಿ ಮತ್ತು ಕೋರಲ್‌ಡ್ರಾ ಎರಡನ್ನೂ ಮುಚ್ಚಿಡಿ. ಹುಡುಗನಿಗೆ ಈ ವಿಡಿಯೋ ತೋರಿಸಿ, ಒಂದು ಚಹಾನೂ ಕುಡಿಸಿ.