ಮುರಿದ ಸ್ಪಾರ್ಕ್ ಪ್ಲಗ್ ತೆಗೆಯೋದು, ಹೊಸದು ಆರಿಸೋದು

ಎಲ್ರಿಗೂ ನಮಸ್ಕಾರ. ಐಟಿಐ ಮುಗಿಸಿ ಗ್ಯಾರೇಜಿಗೆ ಸೇರಿರೋ ಹುಡುಗ್ರು ತುಂಬಾ ಜನ ಬಂದಿದೀರ, ತಮ್ಮ ಕಾರನ್ನ ತಾವೇ ನೋಡ್ಕೊಳ್ಳೋ ಹಿರಿಯರೂ ಕೂತಿದಾರೆ, ಇಬ್ರಿಗೂ ಉಪಯೋಗ ಆಗೋ ಹಾಗೆ ಮಾತಾಡ್ತೀನಿ. ಮೊದಲಿಗೇ ಹೇಳ್ಬಿಡ್ತೀನಿ, ಇಂಜಿನ್ನಲ್ಲಿ ಕಿಡಿ ಹಾರಿಸಿ ಪೆಟ್ರೋಲ್ ಹತ್ತಿಸೋ ಈ ಪ್ಲಗ್ ಮುರಿಯೋದು ಬಿಚ್ಚೋ ದಿನ, ಆದ್ರೆ ಅದು ಮುರಿಯುತ್ತೆ ಅಂತ ತೀರ್ಮಾನ ಆಗಿರೋದು ಬಹಳ ಸಲ ಅದನ್ನ ಹಾಕಿದ ದಿನಾನೇ.

ಮಾರುತಿ 800 ಕಾಲದಲ್ಲಿ ಈ ತಾಪತ್ರಯ ಕಮ್ಮಿ ಇತ್ತು. ಬಾನೆಟ್ ಎತ್ತಿದ್ರೆ ಪ್ಲಗ್ ವೈರು ಕಣ್ಣಿಗೆ ಕಾಣ್ತಿತ್ತು, ಸ್ವಲ್ಪ ಮಿಸ್ಸಿಂಗ್ ಆದ್ರೂ ಬಿಚ್ಚಿ, ಎಮರಿ ಪೇಪರಲ್ಲಿ ಉಜ್ಜಿ, ಕಿಡಿ ಹಾರೋ ಗ್ಯಾಪ್ ನೋಡಿ ವಾಪಸ್ ಹಾಕೋರು, ಹೀಗೆ ಮೇಲಿಂದ ಮೇಲೆ ಬಿಚ್ತಾ ಇದ್ದಿದ್ರಿಂದ ಅದು ಹೆಡ್ಡಿಗೆ, ಅಂದ್ರೆ ಸಿಲಿಂಡರ್ ಮೇಲಿನ ಮುಚ್ಚಳಕ್ಕೆ, ಕಚ್ಕೊಳ್ಳೋಕೆ ಟೈಮೇ ಸಿಗ್ತಿರ್ಲಿಲ್ಲ. ಈಗಿನ ಇಂಜಿನ್ನಲ್ಲಿ ಪ್ಲಗ್ ಕೂರೋದು ಹೆಡ್ಡಿನ ನಡುವೆ ಆಳವಾದ ಗುಂಡಿಯಲ್ಲಿ, ಅದರ ಮೇಲೆ ಕಿಡಿಗೆ ಕರೆಂಟ್ ಕೊಡೋ ಇಗ್ನಿಷನ್ ಕಾಯಿಲ್ಲು, ಇರಿಡಿಯಂ ಪ್ಲಗ್ ಆದ್ರಂತೂ ಲಕ್ಷ ಕಿಲೋಮೀಟರ್ ಹತ್ರ ಬರೋ ತನಕ ಯಾರೂ ಮುಟ್ಟಲ್ಲ. ಅಷ್ಟು ದಿನ ಉಕ್ಕಿನ ಥ್ರೆಡ್ಡು ಅಲ್ಯೂಮಿನಿಯಂ ಒಳಗೆ ಕಾಯೋದು ಆರೋದು ಮಾಡ್ತಾ ಕೂತಿರುತ್ತೆ. ಅಲ್ಯೂಮಿನಿಯಂ ಬಿಸಿಗೆ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತೆ, ಜೊತೆಗೆ ಕೆಳಗಿಂದ ಕಾರ್ಬನ್ ಹತ್ಕೊಂಡು ಬರುತ್ತೆ, ಮೇಲಿಂದ ನೀರು. ಮಲೆನಾಡು, ಕರಾವಳಿ ಕಡೆ ಗಾಡಿಗಳಲ್ಲಿ ಈ ನೀರಿನ ಕಾಟ ಜಾಸ್ತಿ. ವಾಟರ್ ಸರ್ವೀಸ್ ಮಾಡೋವಾಗ ಇಂಜಿನ್ ಮೇಲೆ ನೇರವಾಗಿ ಪ್ರೆಷರ್ ಬಿಡ್ತಾರೆ, ಕಾಯಿಲಿನ ರಬ್ಬರ್ ಹಳೇದಾಗಿದ್ರೆ ನೀರು ಗುಂಡಿಗೆ ಇಳಿದು ಅಲ್ಲೇ ನಿಲ್ಲುತ್ತೆ, ಕಾಯಿಲ್ ಎತ್ತಿ ಟಾರ್ಚ್ ಬಿಟ್ಟು ನೋಡಿದ್ರೆ ಹೆಕ್ಸ್, ಅಂದ್ರೆ ಸಾಕೆಟ್ ಕೂರೋ ಆರು ಮೂಲೆ ಭಾಗದ ಸುತ್ತ ಕೆಂಪಗೆ ತುಕ್ಕಿನ ಪುಡಿ ಕೂತಿರುತ್ತೆ. ಅದನ್ನ ನೋಡಿದ ಮೇಲೂ ಉದ್ದ ಹ್ಯಾಂಡಲ್ ಹಾಕಿ ಒಂದೇ ಏಟಿಗೆ ತಿರುಗಿಸೋಕೆ ಹೋಗ್ಬೇಡಿ.

ಕೆಲವು ಸಲ ತಪ್ಪು ಡಿಸೈನಿನದೇ ಇರುತ್ತೆ. ಅಮೆರಿಕದಲ್ಲಿ ಫೋರ್ಡ್‌ನೋರ 5.4 ಲೀಟರ್ ಟ್ರೈಟನ್ ವಿ8, ಸಿಲಿಂಡರಿಗೆ ಮೂರು ವಾಲ್ವಿಂದು, 2004ರಿಂದ 2008ರ ಎಫ್-150 ಪಿಕಪ್‌ಗಳಲ್ಲಿ ಬರ್ತಿತ್ತು, ಪ್ಲಗ್ ಮುರಿಯೋದಕ್ಕೆ ಅದಕ್ಕಿಂತ ಹೆಸರುವಾಸಿ ಇಂಜಿನ್ ಇಲ್ಲ. ಅದರ ಪ್ಲಗ್ ಕೆಳಭಾಗ ಒಂದು ಉದ್ದ ತೆಳು ಕೊಳವೆ, ಮೇಲಿನ ಭಾಗಕ್ಕೆ ಬೇರೆಯಾಗಿ ಜೋಡಿಸಿದ್ದು. ಆ ಕೊಳವೆ ಸುತ್ತ ಕಾರ್ಬನ್ ಕಟ್ಕೊಂಡು ಹೆಡ್ಡಲ್ಲೇ ಬಿಗಿಯಾಗಿ, ತಿರುಗಿಸಿದ್ರೆ ಮೇಲಿನ ಅರ್ಧ ಮಾತ್ರ ಕೈಗೆ ಬರೋದು. ಕೊನೆಗೆ ಕಂಪನಿಯೇ ಬಿಚ್ಚೋ ವಿಧಾನ ಬರೆದು ಕಳಿಸ್ತು. ಇಂಜಿನ್ ಪೂರ್ತಿ ತಣ್ಣಗಾಗಿರ್ಬೇಕು, ಎಂಟನೇ ಒಂದರಿಂದ ಕಾಲು ಸುತ್ತು ಮಾತ್ರ ಸಡಿಲ ಮಾಡಿ ನಿಲ್ಲಿಸ್ಬೇಕು, ಗುಂಡಿಗೆ ಕಾರ್ಬ್ಯುರೇಟರ್ ಕ್ಲೀನರ್ ಸ್ವಲ್ಪ ಬಿಟ್ಟು ಕನಿಷ್ಠ 15 ನಿಮಿಷ ಕಾಯ್ಬೇಕು, ಆಮೇಲೆ ಹಿಂದೆ ಮುಂದೆ ಆಡಿಸ್ತಾ ತೆಗೀಬೇಕು, ಗಾಳಿ ಒತ್ತಡದಲ್ಲಿ ನಟ್ ತಿರುಗಿಸೋ ಏರ್ ಗನ್ ಮುಟ್ಟಲೇಬಾರದು. ನಮ್ಮ ಕಾರುಗಳ ಪ್ಲಗ್ ಹೀಗೆ ಎರಡು ತುಂಡಿನದಲ್ಲ, ಆದ್ರೆ ಕಚ್ಕೊಂಡಿರೋ ಯಾವ ಪ್ಲಗ್ಗಿಗೂ ಈ ಕ್ರಮ ನಡೆಯುತ್ತೆ, ಕಾಯೋ ತಾಳ್ಮೆ ಮಾತ್ರ ಇರ್ಬೇಕು.

ಬಿಚ್ಚೋಕೆ ಮುಂಚೆ ಗುಂಡಿಯ ಧೂಳು, ಮರಳು ಎಲ್ಲ ಏರ್ ಹೊಡೆದು ತೆಗೀರಿ, ಇಲ್ಲಾಂದ್ರೆ ಪ್ಲಗ್ ಬಂದ ಕ್ಷಣ ಅದೆಲ್ಲ ಸಿಲಿಂಡರ್ ಒಳಗೆ. ಸಾಕೆಟ್ ನೆಟ್ಟಗೆ ಕೂತಿದೆಯಾ ನೋಡಿ, ವಾಲಿಸಿ ತಿರುಗಿಸಿದ್ರೆ ಮೊದಲು ಪ್ಲಗ್ಗಿನ ಬಿಳಿ ಪಿಂಗಾಣಿ ಮುರಿಯುತ್ತೆ. ಸ್ವಲ್ಪ ಬಿಡ್ತು, ಆಮೇಲೆ ಬಿಗಿ ಆಯ್ತು, ಕರಕರ ಅಂತು ಅಂದ್ರೆ ವಾಪಸ್ ಬಿಗಿ ಕಡೆ ಕಾಲು ಸುತ್ತು ತಿರುಗಿಸಿ ಮತ್ತೆ ಪೆನೆಟ್ರೇಟಿಂಗ್ ಆಯಿಲ್ ಬಿಡಿ. ಅಲ್ಲಿ ಹಟ ಮಾಡಿದ್ರೆ ಹೆಡ್ಡಿನ ಥ್ರೆಡ್ಡೂ ಪ್ಲಗ್ ಜೊತೆಗೇ ಸುರುಳಿಯಾಗಿ ಬರುತ್ತೆ, ಆಮೇಲೆ ಥ್ರೆಡ್ ಇನ್ಸರ್ಟ್, ಅಂದ್ರೆ ಹೊಸ ಥ್ರೆಡ್ಡಿನ ತೋಳು, ಹಾಕೋ ಕೆಲಸ.

ಸರಿ, ಮುರಿದೇ ಹೋಯ್ತು. ಮೊದಲ ಮಾತು, ಸೆಲ್ಫ್ ಹೊಡೀಬೇಡಿ. ಎಷ್ಟೋ ಜನ ಏನಾಯ್ತು ನೋಡೋಣ ಅಂತ ಕೀ ತಿರುಗಿಸ್ತಾರೆ, ಆ ಪಿಂಗಾಣಿ ಅಲ್ಯೂಮಿನಾ, ಸಿಲಿಂಡರ್ ಗೋಡೆಯ ಕಬ್ಬಿಣಕ್ಕಿಂತ ಎಷ್ಟೋ ಗಟ್ಟಿ, ಒಂದು ಚೂರು ಪಿಸ್ಟನ್ ಪಕ್ಕ ಸಿಕ್ಕಿಕೊಂಡ್ರೂ ಮೇಲಿಂದ ಕೆಳಗಿನ ತನಕ ಗೀರು ಎಳೆಯುತ್ತೆ, ಇಲ್ಲಾ ವಾಲ್ವ್ ಸೀಟಲ್ಲಿ ಕೂತು ಕಂಪ್ರೆಷನ್ ಹೋಗುತ್ತೆ.

ಮೇಲಿನ ಪಿಂಗಾಣಿ ಮಾತ್ರ ಮುರಿದು ಹೆಕ್ಸ್ ಉಳಿದಿದ್ರೆ ನೀವು ಬಚಾವ್, ಚೂರು ತೆಗೆದು ಡೀಪ್ ಸಾಕೆಟ್ಟಲ್ಲೇ ಬಿಚ್ಬಹುದು. ಹೆಕ್ಸೇ ಕಿತ್ತು ಬಂದು ಥ್ರೆಡ್ಡಿನ ಭಾಗ ಒಳಗೆ ಉಳಿದ್ರೆ ನಿಜವಾದ ಕೆಲಸ ಶುರು. ಕ್ರ್ಯಾಂಕ್ ಪುಲ್ಲಿಯನ್ನ ಕೈಯಲ್ಲೇ ತಿರುಗಿಸಿ ಆ ಸಿಲಿಂಡರಿನ ಪಿಸ್ಟನ್ ಕೆಳಗಿಳಿಸಿ. ಒಳಗಿನ ಪಿಂಗಾಣಿ ಉಳಿದಿದ್ರೆ ಅದನ್ನ ಮೇಲಕ್ಕೇ ಎಳೀಬೇಕು, ಕೆಳಗೆ ಪ್ಲಗ್ಗಿನ ಒಳಗೆ ಒಂದು ಮೆಟ್ಟಿಲಿದೆ, ಪಿಂಗಾಣಿ ಕೂತಿರೋದೇ ಅದರ ಮೇಲೆ, ಹಾಗಾಗಿ ಸುತ್ತಿಗೆಯಲ್ಲಿ ಕೆಳಗೆ ಹೊಡೆದ್ರೆ ಪುಡಿಯಾಗಿ ಸಿಲಿಂಡರ್ ಸೇರುತ್ತೆ ಅಷ್ಟೇ. ಪಿಂಗಾಣಿ ಹೋಗಿ ಉಳಿದ ಖಾಲಿ ಲೋಹದ ಶೆಲ್ಲಿಗೆ ಸ್ಕ್ರೂ ಎಕ್ಸ್‌ಟ್ರಾಕ್ಟರ್, ಅಂದ್ರೆ ಒಳಗೆ ಕಚ್ಚಿ ಬಿಚ್ಚೋ ಕಡ್ಡಿ, ಹಾಕಿ. ಸುರುಳಿ ಥರದ್ದಕ್ಕಿಂತ ನನಗೆ ಚೌಕ ಅಂಚಿನದೇ ಇಷ್ಟ, ಯಾಕಂದ್ರೆ ಸುರುಳಿಯದು ತಿರುಗಿದಷ್ಟೂ ಬೆಣೆ ಆಗ್ತಾ ಹೋಗುತ್ತೆ, ಪ್ಲಗ್ ಶೆಲ್ ಗೋಡೆ ತೆಳು, ಹಿಗ್ಗಿ ಇನ್ನೂ ಬಿಗಿಯಾಗುತ್ತೆ. ಎಕ್ಸ್‌ಟ್ರಾಕ್ಟರ್ ಒಳಗೇ ಮುರೀದಂತೆ ಎಚ್ಚರ, ಅದು ಗಟ್ಟಿ ಉಕ್ಕು, ಮಾಮೂಲಿ ಡ್ರಿಲ್ ಬಿಟ್ ಅದಕ್ಕೆ ಕಚ್ಚಲ್ಲ, ಆಗ ಹೆಡ್ ಇಳಿಸೋದೇ ದಾರಿ.

ಬಂದ ಮೇಲೂ ಮುಗಿದಿಲ್ಲ. ಪಿಸ್ಟನ್ ಮೇಲೆ ತಂದು, ವ್ಯಾಕ್ಯೂಮ್ ಕ್ಲೀನರಿಗೆ ಸಣ್ಣ ಟ್ಯೂಬ್ ಟೇಪ್ ಸುತ್ತಿ ಒಳಗೆ ಬಿಟ್ಟು ಎಳೀರಿ. ಮೊಬೈಲಿಗೆ ಹಾಕೋ ಬೋರ್‌ಸ್ಕೋಪ್ ಈಗ ಅಗ್ಗಕ್ಕೇ ಸಿಗುತ್ತೆ, ಪಿಸ್ಟನ್ ಅಂಚಿನ ಸುತ್ತ ನಿಧಾನ ನೋಡಿ. ಮುರಿದ ತುಂಡುಗಳನ್ನ ಬಿಳಿ ಬಟ್ಟೆ ಮೇಲೆ ಜೋಡಿಸಿ, ಎಲೆಕ್ಟ್ರೋಡ್ ತುದಿ ಒಂದು ಸಿಕ್ಕಿಲ್ಲ ಅಂದ್ರೂ ಗಾಡಿ ಸ್ಟಾರ್ಟ್ ಮಾಡ್ಬೇಡಿ.

ಇನ್ನು ಹೊಸ ಪ್ಲಗ್. ಬೆಂಗಳೂರಿನ ಆಡುಗೋಡಿಯ ಮೈಕೋ ಕಾರ್ಖಾನೆ ಕಂಡೋರಿಗೆ ಮೈಕೋ ಪ್ಲಗ್ ಗೊತ್ತೇ ಇದೆ, 1951ರಲ್ಲಿ ಶುರುವಾದ ಕಂಪನಿ, 2008ರಲ್ಲಿ ಹೆಸರು ಬಾಷ್ ಅಂತಾಯ್ತು. ಈಗ ಅಂಗಡೀಲಿ ಬಾಷ್, ಎನ್‌ಜಿಕೆ, ಡೆನ್ಸೋ, ಚಾಂಪಿಯನ್ ಎಲ್ಲ ಸಿಗುತ್ತೆ, ಯಾವುದಾದ್ರೂ ಆಗ್ಲಿ, ಮ್ಯಾನುವಲ್‌ನಲ್ಲಿರೋ ನಂಬರಿಗೆ ಸರಿಹೊಂದ್ಬೇಕು. ನಂಬರ್ ಓದೋದಕ್ಕೆ ಉದಾಹರಣೆಗೆ ಎನ್‌ಜಿಕೆ ಬಿಪಿಆರ್6ಇಎಸ್ ನೋಡಿ. ಬಿ ಅಂದ್ರೆ 14 ಮಿಲಿಮೀಟರ್ ಥ್ರೆಡ್ಡು, ಪಿ ಅಂದ್ರೆ ಪಿಂಗಾಣಿ ಮುಂದಕ್ಕೆ ಚಾಚಿದೆ, ಆರ್ ಅಂದ್ರೆ ರೆಸಿಸ್ಟರ್ ಇದೆ, 6 ಹೀಟ್ ರೇಂಜ್, ಅಂದ್ರೆ ಪ್ಲಗ್ ತುದಿ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತೆ ಅನ್ನೋ ಅಳತೆ, ಇ ಅಂದ್ರೆ 19 ಮಿಲಿಮೀಟರ್ ಉದ್ದ. ರೆಸಿಸ್ಟರ್ ಇಲ್ಲದ್ದು ಹಾಕಿದ್ರೆ ಸ್ಪಾರ್ಕಿನ ಗದ್ದಲ ಇಂಜಿನ್ನಿನ ಕಂಪ್ಯೂಟರ್ ಆದ ಇಸಿಯುಗೂ ರೇಡಿಯೋಗೂ ಹೋಗುತ್ತೆ. ಉದ್ದ ತಪ್ಪಿದ್ರೆ ಇನ್ನೂ ಕೆಟ್ಟದ್ದು, ಜಾಸ್ತಿಯಾದ್ರೆ ಪಿಸ್ಟನ್ನಿಗೆ ಬಡೀಬಹುದು, ಕಮ್ಮಿಯಾದ್ರೆ ಹೆಡ್ಡಿನ ಕೆಳಗಿನ ಥ್ರೆಡ್ಡಲ್ಲಿ ಕಾರ್ಬನ್ ತುಂಬ್ಕೊಂಡು ಮುಂದೆ ಸರಿಯಾದ ಪ್ಲಗ್ ಇಳಿಯಲ್ಲ.

ಹೀಟ್ ರೇಂಜಲ್ಲಿ ಎಡವೋರು ಬಹಳ. ಎನ್‌ಜಿಕೆ, ಡೆನ್ಸೋದಲ್ಲಿ ನಂಬರ್ ಏರಿದ ಹಾಗೆ ಪ್ಲಗ್ ಕೋಲ್ಡ್, ಅಂದ್ರೆ ಬಿಸಿ ಬೇಗ ಬಿಡುತ್ತೆ, ಬಾಷ್, ಚಾಂಪಿಯನ್‌ನಲ್ಲಿ ನಂಬರ್ ಏರಿದ ಹಾಗೆ ಹಾಟ್. ಎನ್‌ಜಿಕೆ 6, ಡೆನ್ಸೋ 20, ಬಾಷ್ 7 ಹೆಚ್ಚುಕಮ್ಮಿ ಒಂದೇ. ಪ್ಲಗ್ ತುದಿ ಸುಮಾರು 450 ಡಿಗ್ರಿ ದಾಟಿದ್ರೆ ಕಾರ್ಬನ್ ತಾನೇ ಸುಡುತ್ತೆ, 850 ದಾಟ್ತಾ ಹೋದ್ರೆ ಸ್ಪಾರ್ಕಿಗೆ ಮುಂಚೆನೇ ಪೆಟ್ರೋಲ್ ಹತ್ಕೊಂಡು ಪಿಸ್ಟನ್ ತೂತಾಗೋ ಅಪಾಯ. ಈ ನಡುವೆ ಇರ್ಬೇಕು ಅಂತಾನೇ ಕಂಪನಿ ನಂಬರ್ ಕೊಟ್ಟಿರೋದು, ಪಿಕಪ್ ಬರುತ್ತೆ ಅಂತ ಯಾರೋ ಹೇಳಿದ್ರು ಅಂತ ಬದಲಾಯಿಸ್ಬೇಡಿ. ಇರಿಡಿಯಂ ದುಡ್ಡಿಗೆ ತಕ್ಕದ್ದೇ, ಬಾಳಿಕೆ ಬರುತ್ತೆ, ಆದ್ರೆ ಅದರ ತುದಿ 0.4, 0.6 ಮಿಲಿಮೀಟರ್ ಅಷ್ಟೇ ದಪ್ಪ, ಎಮರಿ ಪೇಪರ್ ತಾಗಿಸ್ಬೇಡಿ. ಸಿಎನ್‌ಜಿ ಗಾಡಿಯವರಿಗೆ ಒಂದು ಮಾತು, ಗ್ಯಾಸ್ ಹತ್ತಿಸೋಕೆ ವೋಲ್ಟೇಜ್ ಜಾಸ್ತಿ ಬೇಕು, ಗ್ಯಾಪ್ ಸವೆದು ಅಗಲ ಆದ್ರೆ ಮಿಸ್ಸಿಂಗ್ ಮೊದಲು ಗೊತ್ತಾಗೋದು ಅಲ್ಲೇ, ಕಾಯಿಲಿಗೂ ಹೊರೆ.

ಹಾಕೋವಾಗ ಮೊದಲ ಸುತ್ತುಗಳು ಕೈಯಲ್ಲೇ ಹೋಗ್ಬೇಕು, ಒಂದು ರಬ್ಬರ್ ಪೈಪ್ ತುಂಡಿಗೆ ಪ್ಲಗ್ ಸಿಕ್ಕಿಸಿ ತಿರುಗಿಸಿ, ಥ್ರೆಡ್ ಅಡ್ಡ ಹತ್ತಿದ್ರೆ ಪೈಪ್ ತಾನೇ ಜಾರುತ್ತೆ. ಅಲ್ಯೂಮಿನಿಯಂ ಹೆಡ್ಡಿಗೆ, ವಾಷರ್ ಇರೋ 14 ಮಿಲಿಮೀಟರ್ ಪ್ಲಗ್ ಆದ್ರೆ 25ರಿಂದ 30 ನ್ಯೂಟನ್ ಮೀಟರ್ ಟಾರ್ಕ್, ಅಂದ್ರೆ ಬಿಗಿ ಮಾಡೋ ತಿರುಚು ಬಲ, 12ರದ್ದಾದ್ರೆ 15ರಿಂದ 20, 10ರದ್ದಾದ್ರೆ 10ರಿಂದ 12. ಟಾರ್ಕ್ ರೆಂಚ್ ಇಲ್ವಾ, ಹೊಸ 14ರ ಪ್ಲಗ್ ಕೈಬಿಗಿ ಆದ್ಮೇಲೆ ಅರ್ಧ ಸುತ್ತಿಂದ ಮೂರನೇ ಎರಡು ಸುತ್ತು ಸಾಕು, ವಾಷರ್ ಇಲ್ಲದ ಟೇಪರ್ ಸೀಟಿಗೆ ಹದಿನಾರನೇ ಒಂದು ಸುತ್ತು. ಥ್ರೆಡ್ ಕಚ್ಕೊಳ್ಳದಂತೆ ಹಚ್ಚೋ ಆಂಟಿಸೀಜ್ ಪೇಸ್ಟ್ ಬಳಿದು ಅದೇ ಟಾರ್ಕ್ ಕೊಡ್ಬೇಡಿ, ಜಾರಿಕೆ ಜಾಸ್ತಿಯಾಗಿ ಶೆಲ್ ಮಿತಿ ಮೀರಿ ಎಳೆದಂಗಾಗುತ್ತೆ, ಥ್ರೆಡ್ಡಿಗೆ ಫ್ಯಾಕ್ಟರಿಯಲ್ಲೇ ಲೇಪನ ಮಾಡಿರ್ತಾರೆ, ಹಾಗೇ ಹಾಕಿ ಅಂತ ಎನ್‌ಜಿಕೆಯವರೇ ಹೇಳ್ತಾರೆ.

ಈಗ ಈ ಟೇಬಲ್ ಹತ್ರ ಬನ್ನಿ, ಹಳೇ ಹೆಡ್ ಇಟ್ಟಿದೀನಿ, ಟಾರ್ಕ್ ರೆಂಚೂ ಇದೆ. ಮೊದಲು ನಿಮ್ಮ ಅಂದಾಜಲ್ಲಿ ಬಿಗಿ ಮಾಡಿ, ಆಮೇಲೆ ರೆಂಚ್ ಹಾಕಿ 25ಕ್ಕೆ ಎಲ್ಲಿ ಟಕ್ ಅನ್ನುತ್ತೆ ಅಂತ ಒಬ್ಬೊಬ್ರೇ ನೋಡ್ಕೊಳ್ಳಿ.