ಮನೆಯ ವೆಲ್ಡಿಂಗಿಗೆ ಕಬ್ಬಿಣ: ಎಂಥದ್ದು ತರಬೇಕು, ಎಲ್ಲಿಂದ ತರಬೇಕು

ಕೇಳುಗರೇ, ನಮಸ್ಕಾರ.

ಹೊಸದಾಗಿ ವೆಲ್ಡಿಂಗ್ ಮೆಷಿನ್ ಮನೆಗೆ ತಂದವರು ಮರುದಿನ ಕಲಿಯಲು ಕೂತರೆ ಕೈಗೆ ಸಿಗುವುದು ಹೆಚ್ಚಾಗಿ ಮುರಿದ ಕುರ್ಚಿಯ ಕಾಲು, ಇಲ್ಲವೇ ಟೆರೇಸಿಗೆ ಶೀಟು ಹಾಕಿಸಿದಾಗ ಉಳಿದ ಪೈಪು. ಕರಗಿ ಬೆಸೆಯುವ ವೆಲ್ಡಿಂಗ್ ರಾಡ್ ತಾಗಿಸಿದ ಕೂಡಲೇ ತೂತು ಬೀಳುತ್ತದೆ. ಆ ತೂತು ಮುಚ್ಚಲು ಹೋದರೆ ಇನ್ನೂ ದೊಡ್ಡ ತೂತು. ನನಗೆ ಕೈ ಬರುವುದಿಲ್ಲ ಎಂದು ಮೆಷಿನನ್ನು ಮೂಲೆಗೆ ಸೇರಿಸುವವರು ಬಹಳ ಮಂದಿ. ಕೈಯ ತಪ್ಪು ಅದರಲ್ಲಿ ಸ್ವಲ್ಪವೇ ಇರುತ್ತದೆ. ಕುರ್ಚಿಯ ಪೈಪಿನ ದಪ್ಪ ಒಂದು ಮಿಲಿಮೀಟರಿನ ಆಸುಪಾಸು. ಅದರ ಮೇಲೆ 2.5 ಮಿಲಿಮೀಟರ್ ರಾಡ್ ಓಡಿಸುವುದು ಪಳಗಿದ ಕೈಗೂ ಸುಲಭವಲ್ಲ.

ಕಲಿಯುವವರಿಗೆ ಹೊಂದುವ ದಪ್ಪ 3ರಿಂದ 6 ಮಿಲಿಮೀಟರ್. ಹೆಸರು ಎಂಎಸ್, ಅಂದರೆ ಮೈಲ್ಡ್ ಸ್ಟೀಲ್. ಅಂಗಡಿಯಲ್ಲಿ 25-25-3ರ ಆಂಗಲ್, 25-5ರ ಪಟ್ಟಿ, 50-6ರ ಪಟ್ಟಿ ಎಂದು ಕೇಳಿ. ಆಂಗಲ್ ಅಂದರೆ L ಆಕಾರದ ಕಬ್ಬಿಣ; ಅಂಕಿಗಳು ಮಿಲಿಮೀಟರಿನಲ್ಲಿ, ಕೊನೆಯದ್ದು ದಪ್ಪ, ಅದಕ್ಕೆ ಮುಂಚಿನದ್ದು ಅಗಲ. ಈ ದಪ್ಪಕ್ಕೆ 6013 ಎಂಬ ಸಾಮಾನ್ಯ ರಾಡ್, 2.5 ಮಿಲಿಮೀಟರಿನದ್ದು, 70ರಿಂದ 85 ಆಂಪಿಯರಿನಲ್ಲಿ ಚೆನ್ನಾಗಿ ಕೂರುತ್ತದೆ. ತೀರಾ ದಪ್ಪದ್ದೂ ಬೇಡ. 12 ಮಿಲಿಮೀಟರ್ ಪ್ಲೇಟಿನ ಮೇಲೆ ಇದೇ ರಾಡ್ ಓಡಿಸಿದರೆ ವೆಲ್ಡ್ ನೋಡಲು ಚಂದ ಇರುತ್ತದೆ, ಆದರೆ ಒಳಗೆ ಇಳಿದಿರುವುದಿಲ್ಲ. ಸುತ್ತಿಗೆಯ ಎರಡು ಪೆಟ್ಟಿಗೆ ಸಿಪ್ಪೆಯ ಹಾಗೆ ಎದ್ದು ಬರುತ್ತದೆ.

ಇನ್ನು ಬೆಲೆ. ಕಬ್ಬಿಣ ಮಾರುವುದು ತೂಕದ ಮೇಲೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ನಮ್ಮ ಸಾಮಾನಿನ ತೂಕ ನಮಗೆ ಗೊತ್ತಿರಬೇಕು. ಪಟ್ಟಿಯ ಲೆಕ್ಕ ಹೀಗೆ: ಅಗಲವನ್ನೂ ದಪ್ಪವನ್ನೂ ಮಿಲಿಮೀಟರಿನಲ್ಲಿ ಗುಣಿಸಿ, ಬಂದದ್ದನ್ನು 0.00785ರಿಂದ ಗುಣಿಸಿದರೆ ಒಂದು ಮೀಟರಿನ ತೂಕ ಕಿಲೋದಲ್ಲಿ ಸಿಗುತ್ತದೆ. 25-5ರ ಪಟ್ಟಿ ಮೀಟರಿಗೆ ಹತ್ತಿರ ಹತ್ತಿರ ಒಂದು ಕಿಲೋ. ಉರುಟು ಸರಳಿಗೆ ಇನ್ನೂ ಸುಲಭ: ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿ. 12 ಮಿಲಿಮೀಟರ್ ಸರಳಾದರೆ 144ನ್ನು 162ರಿಂದ ಭಾಗಿಸಬೇಕು, ಮೀಟರಿಗೆ 890 ಗ್ರಾಂ ಹತ್ತಿರ. 25-25-3ರ ಆಂಗಲ್ ಮೀಟರಿಗೆ 1.1 ಕಿಲೋ, ಆರು ಮೀಟರಿನ ಇಡೀ ಉದ್ದ 6.6 ಕಿಲೋ. ಹೇಳಿದ ದರ ಜಿಎಸ್‌ಟಿ ಸೇರಿಸಿಯೋ, ಬಿಟ್ಟೋ ಎಂದು ಕೇಳಲು ಮರೆಯಬೇಡಿ. ಕಬ್ಬಿಣಕ್ಕೆ ಅದು ಶೇಕಡಾ 18 ಇರುವುದರಿಂದ ಸಣ್ಣ ಮೊತ್ತವಲ್ಲ.

ಈ ತೂಕದ ಲೆಕ್ಕದಿಂದ ಇನ್ನೊಂದು ಉಪಕಾರವಿದೆ. ಒಂದು ಇಂಚಿನ ಚೌಕ ಪೈಪು ಹೊರಗಿನಿಂದ ನೋಡಲು ಎಲ್ಲವೂ ಒಂದೇ. 2 ಮಿಲಿಮೀಟರ್ ದಪ್ಪದ್ದಾದರೆ ಆರು ಮೀಟರ್ ಉದ್ದಕ್ಕೆ ಒಂಬತ್ತು ಕಿಲೋದ ಹತ್ತಿರ ತೂಗಬೇಕು. 1.2 ಮಿಲಿಮೀಟರಿನದ್ದಾದರೆ ಐದೂವರೆ ಕಿಲೋ. ಉದ್ದಕ್ಕೆ ಇಷ್ಟು ಎಂದು ಬೆಲೆ ಹೇಳಿ ಕೊಡುವಲ್ಲಿ ಪೈಪನ್ನು ತಕ್ಕಡಿಗೆ ಹಾಕಿಸಿ ನೋಡಿ, ದಪ್ಪ ತಾನಾಗಿಯೇ ಗೊತ್ತಾಗುತ್ತದೆ.

ಎಲ್ಲಿಂದ ತರುವುದು? ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರ, ಉಪ್ಪಳ, ಕುಂಬಳೆ, ಬದಿಯಡ್ಕ, ಮುಳ್ಳೇರಿಯದ ಕಡೆ ಗ್ರಿಲ್, ಗೇಟು, ಶೀಟಿನ ಚಪ್ಪರ ಮಾಡುವ ವೆಲ್ಡಿಂಗ್ ಶಾಪ್ ಇಲ್ಲದ ಪೇಟೆ ಅಪರೂಪ. ಅಲ್ಲಿ ಕಟ್ಟಿಂಗ್ ಮೆಷಿನಿನ ಅಡಿಯಲ್ಲಿ ಒಂದು ಅಡಿ, ಒಂದೂವರೆ ಅಡಿಯ ತುಂಡುಗಳು ರಾಶಿ ಬೀಳುತ್ತವೆ. ಅವರು ಅದನ್ನು ಕೊನೆಗೆ ಗುಜರಿಗೆ ಹಾಕುವವರು. ಗುಜರಿಯವನು ಕೊಡುವ ದರಕ್ಕಿಂತ ಕಿಲೋಗೆ ಕೆಲವು ರೂಪಾಯಿ ಹೆಚ್ಚು ಕೊಡುತ್ತೇನೆ ಎಂದರೆ ಅವರಿಗೂ ಲಾಭ, ಹೊಸ ಕಬ್ಬಿಣದ ದರಕ್ಕೆ ಹೋಲಿಸಿದರೆ ನಿಮಗೂ ಲಾಭ. ಕೆಲಸದ ಭರಾಟೆಯ ಹೊತ್ತಿನಲ್ಲಿ ಹೋಗಬೇಡಿ. ಸಂಜೆ ಅಂಗಡಿ ಗುಡಿಸುವ ಹೊತ್ತಿಗೆ ಹೋಗಿ. ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ ಚಪ್ಪರದ ಕೆಲಸ ಜೋರಾಗಿರುವಾಗ ತುಂಡುಗಳೂ ಹೆಚ್ಚು. ಕಾಸರಗೋಡಿನ ವಿದ್ಯಾನಗರದ ಕೈಗಾರಿಕಾ ಎಸ್ಟೇಟಿನಲ್ಲಿ, ಗಡಿಯಾಚೆ ಮಂಗಳೂರಿನ ಬೈಕಂಪಾಡಿಯಲ್ಲಿ ದೊಡ್ಡ ಕೆಲಸದ ತುಂಡುಗಳು ಸಿಗಬಹುದು. ಆದರೆ ಹತ್ತು ಕಿಲೋ ಕಬ್ಬಿಣಕ್ಕಾಗಿ ತಲಪಾಡಿಯ ಗಡಿ ದಾಟಿ ಹೋದರೆ ಉಳಿಸಿದ್ದು ದಾರಿಖರ್ಚಿಗೇ ಸರಿಹೋಗುತ್ತದೆ.

ತುಂಡು ಕಬ್ಬಿಣವನ್ನು ನೆಚ್ಚುವವರು ಸಾಮಾನನ್ನೂ ತುಂಡಿನ ಅಳತೆಗೇ ಯೋಚಿಸಬೇಕು. ಒಂದು ಹೂಕುಂಡದ ಸ್ಟ್ಯಾಂಡ್ ತೆಗೆದುಕೊಳ್ಳಿ. 45 ಸೆಂಟಿಮೀಟರಿನ ನಾಲ್ಕು ಕಾಲು, 30 ಸೆಂಟಿಮೀಟರಿನ ನಾಲ್ಕು ತುಂಡು ಮೇಲಿನ ಚೌಕಕ್ಕೆ, ಅಷ್ಟೇ ಉದ್ದದ ನಾಲ್ಕು ತುಂಡು ಕೆಳಗಿನ ಅಡ್ಡಕ್ಕೆ. ಒಟ್ಟು 4.2 ಮೀಟರ್ ಆಂಗಲ್, ತೂಕ 4.6 ಕಿಲೋ. ಕುಂಡ ಕೂರಲು 30 ಸೆಂಟಿಮೀಟರಿನ ಎರಡು ಪಟ್ಟಿ. ಇದರಲ್ಲಿ ಒಂದೂವರೆ ಅಡಿಗಿಂತ ಉದ್ದದ ತುಂಡೇ ಬೇಡ. ಹೊಸ ಆಂಗಲ್ ತರುವುದಾದರೆ ಅಂಗಡಿಯಲ್ಲೇ ಎರಡೆರಡು ಮೀಟರಿನ ಮೂರು ತುಂಡು ಮಾಡಿಸಿ, ಆಟೋದಲ್ಲಿ ತರಲು ಸುಲಭ. ಮೊದಲ ತುಂಡಿನಲ್ಲಿ ನಾಲ್ಕು ಕಾಲು, ಎರಡನೆಯದರಲ್ಲಿ ಆರು ಅಡ್ಡ, ಮೂರನೆಯದರಲ್ಲಿ ಉಳಿದ ಎರಡು. ಕೊನೆಗೆ ಸುಮಾರು 1.4 ಮೀಟರ್ ಕೈ ಪಳಗಿಸಲು ಉಳಿಯುತ್ತದೆ.

ಗುಜರಿ ಅಂಗಡಿಗೆ, ಮಲಯಾಳದವರು ಆಕ್ರಿ ಎನ್ನುತ್ತಾರಲ್ಲ, ಅಲ್ಲಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತ, ಒಂದು ಅರ, ಸಾಧ್ಯವಾದರೆ ದಪ್ಪ ಅಳೆಯುವ ವರ್ನಿಯರ್ ಇರಲಿ. ಹುಡುಕಬೇಕಾದದ್ದು ಹಳೆ ಕಬ್ಬಿಣದ ಮಂಚದ ಆಂಗಲ್, ಕೆಡವಿದ ಹಂಚಿನ ಮನೆಯ ಕಿಟಕಿ ಸರಳು, ಹಳೆ ರ‍್ಯಾಕಿನ ಕಂಬ. ಅಯಸ್ಕಾಂತ ಹಿಡಿಯದಿದ್ದರೆ ಅದು ಸ್ಟೇನ್‌ಲೆಸ್ ಆಗಿರಬಹುದು, ಅದಕ್ಕೆ ಬೇರೆ ರಾಡ್ ಬೇಕು, ಸದ್ಯಕ್ಕೆ ಬಿಡಿ. ನಮ್ಮದು ಉಪ್ಪುಗಾಳಿಯ ಕರಾವಳಿ. ತುಕ್ಕಿಲ್ಲದ ಹಳೆ ಕಬ್ಬಿಣ ಇಲ್ಲಿ ಸಿಗುವುದಿಲ್ಲ, ಸಿಗಬೇಕೆಂದೂ ಇಲ್ಲ. ಮೇಲೆ ಪುಡಿಯಾಗಿ ಕೂತ ಕೆಂಪು ತುಕ್ಕು ಬ್ರಷ್ ಹಾಕಿದರೆ ಹೋಗುತ್ತದೆ. ಪದರ ಪದರವಾಗಿ ಎದ್ದು, ತಟ್ಟಿದರೆ ಹಪ್ಪಳದ ಹಾಗೆ ಉದುರುವುದಾದರೆ ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಿರಿ. 3 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ಬೇಡ. ಆ ತುಕ್ಕಿಗೂ, ಅಂಟಿದ ಸಿಮೆಂಟಿಗೂ ನೀವು ತೂಕದ ಲೆಕ್ಕದಲ್ಲಿ ದುಡ್ಡು ಕೊಡುತ್ತಿದ್ದೀರಿ.

ಯಾವ ಉಕ್ಕು ಎಂಬ ಸಂಶಯ ಬಂದರೆ ಗ್ರೈಂಡರಿನ ಕಿಡಿ ನೋಡಿ. ನೆರಳಿನಲ್ಲಿ ನಿಂತು, ಕನ್ನಡಕ ಹಾಕಿ, ಹಗುರವಾಗಿ ತಾಗಿಸಿ. ಮೈಲ್ಡ್ ಸ್ಟೀಲಾದರೆ ಕಿಡಿ ಉದ್ದವಾಗಿ, ಒಣಹುಲ್ಲಿನ ಬಣ್ಣದ ಗೆರೆಗಳಾಗಿ ಹಾರುತ್ತದೆ, ತುದಿಯಲ್ಲಿ ಅಲ್ಲೊಂದು ಇಲ್ಲೊಂದು ಕವಲು. ಕಾರ್ಬನ್ ಹೆಚ್ಚಿದ್ದರೆ ನಕ್ಷತ್ರಕಡ್ಡಿಯ ಹಾಗೆ ಸಿಡಿದು ಕವಲುಗಳು ತುಂಬುತ್ತವೆ. ಬೀಡುಕಬ್ಬಿಣದ ಕಿಡಿ ಗಿಡ್ಡ, ಬಣ್ಣ ಕೆಂಪು. ಲಾರಿಯ ಪ್ಲೇಟು, ಅಂದರೆ ಲೀಫ್ ಸ್ಪ್ರಿಂಗ್, ಎರಡನೆಯ ಜಾತಿಯದ್ದು. ಅಗ್ಗಕ್ಕೆ ಸಿಗುತ್ತದೆ, ಗಟ್ಟಿ ಎಂಬ ಹೆಸರೂ ಇದೆ. ಆದರೆ ವೆಲ್ಡ್ ಮಾಡಿದ ಜಾಗ ಬೇಗ ತಣ್ಣಗಾಗುವಾಗ ಅದರ ಪಕ್ಕದ ಉಕ್ಕು ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ. ಬ್ರೇಕ್ ಡ್ರಮ್ಮು, ಹಳೆ ಪಂಪಿನ ಬಾಡಿ ಬೀಡುಕಬ್ಬಿಣ, ಅದೂ ಬಿರಿಯುತ್ತದೆ.

ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಿನ ಬದಲಿಗೆ ರೈಲು ಹಳಿಯ ತುಂಡು ಬೇಕೆಂದು ಆಸೆಪಡುವವರಿದ್ದಾರೆ. ದಯವಿಟ್ಟು ಬೇಡ. ಕದ್ದ ರೈಲ್ವೆ ಸೊತ್ತು ಎಂಬ ಸಂಶಯಕ್ಕೆ ಆಸ್ಪದವಿರುವ ಸಾಮಾನು ಕೈಯಲ್ಲಿದ್ದರೆ 1966ರ ಕಾಯ್ದೆಯ ಪ್ರಕಾರ ಅಪರಾಧ. ಅದು ನ್ಯಾಯವಾಗಿ ಬಂದದ್ದೆಂದು ತೋರಿಸುವ ಹೊಣೆ ಇಟ್ಟುಕೊಂಡವರ ಮೇಲೆ ಬೀಳುತ್ತದೆ.

ಮನೆ ಕಟ್ಟಿ ಉಳಿದ ಟಿಎಂಟಿ ಸರಳಿನ ತುಂಡುಗಳು ಎಲ್ಲರಲ್ಲೂ ಇರುತ್ತವೆ, ದುಡ್ಡೂ ಬೇಡ. ಬೇಲಿಯ ಗೂಟ, ಬಳ್ಳಿ ಹಬ್ಬಿಸುವ ಚೌಕಟ್ಟು, ಕೈ ಪಳಗಿಸುವ ಕೆಲಸಕ್ಕೆ ಧಾರಾಳ ಬಳಸಿ. ಅದು ಕಾದಿರುವಾಗಲೇ ಹೊರಪದರಕ್ಕೆ ನೀರು ಹಾಯಿಸಿ ಬಲ ಬರಿಸಿರುತ್ತಾರೆ, ವೆಲ್ಡಿನ ಬಿಸಿಗೆ ಆ ಬಲ ಇಳಿಯುತ್ತದೆ. ಹಾಗಾಗಿ ಏಣಿಯ ಮೆಟ್ಟಿಲು, ನೀರಿನ ಟಾಂಕಿಯ ಸ್ಟ್ಯಾಂಡ್, ಜೋಕಾಲಿಯ ಕೊಕ್ಕೆ, ಇಂಥದ್ದಕ್ಕೆ ಬೇಡ.

ಈಗ ಆರೋಗ್ಯದ ಮಾತು, ಇದನ್ನು ಗಮನವಿಟ್ಟು ಕೇಳಬೇಕು. ಚಪ್ಪರದ ಕೆಲಸದಲ್ಲಿ ಉಳಿಯುವ ಪೈಪುಗಳಲ್ಲಿ ಬಹಳಷ್ಟು ಜಿಐ, ಅಂದರೆ ಸತುವಿನ ಲೇಪ ಇರುವಂಥದ್ದು. ನಮ್ಮ ಮಳೆಗೆ ಅದೇ ತಾಳುತ್ತದೆ ಎಂದು ಹಾಕಿಸುತ್ತಾರೆ. ತುಕ್ಕಿಲ್ಲದೆ ಬೆಳ್ಳಗೆ ಇರುವುದರಿಂದ ಕಲಿಯುವವರ ಕೈ ಮೊದಲು ಅದಕ್ಕೇ ಹೋಗುತ್ತದೆ. ಉಕ್ಕು ಕರಗಲು 1500 ಡಿಗ್ರಿಯ ಹತ್ತಿರ ಬೇಕು. ಸತು 907 ಡಿಗ್ರಿಗೇ ಕುದಿದು ಆವಿಯಾಗುತ್ತದೆ. ಆ ಬಿಳಿ ಹೊಗೆ ಒಳಗೆ ಹೋದರೆ ಕೆಲವು ಗಂಟೆಗಳ ನಂತರ, ಹೆಚ್ಚಾಗಿ ರಾತ್ರಿ, ಚಳಿ, ಜ್ವರ, ಮೈಕೈ ನೋವು ಶುರುವಾಗುತ್ತದೆ. ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಇಳಿಯುತ್ತದೆ. ಉಸಿರು ಕಟ್ಟಿದಂತಾದರೆ ಕಾಯದೆ ಆಸ್ಪತ್ರೆಗೆ ಹೋಗಿ. ಹಾಲು ಕುಡಿದರೆ ಹೊಗೆ ಏನೂ ಮಾಡುವುದಿಲ್ಲ ಎಂಬ ಮಾತನ್ನು ನಂಬಿ ಕೂರಬೇಡಿ. ಹೊಗೆ ಹೋಗುವುದು ಶ್ವಾಸಕೋಶಕ್ಕೆ, ಹಾಲು ಹೋಗುವುದು ಹೊಟ್ಟೆಗೆ. ಹೊರಗಿನ ಲೇಪವನ್ನು ಉಜ್ಜಿ ತೆಗೆಯಬಹುದು, ಪೈಪಿನ ಒಳಗಿನದ್ದು ತೆಗೆಯಲು ಬರುವುದಿಲ್ಲ. ಗೆರೆ ಎಳೆದು ನೋಡಿ: ಅರ ತಾಗಿಸಿದಲ್ಲಿ ಮೇಲೆ ಬೂದುಬಿಳಿ ಪದರ, ಅಡಿಯಲ್ಲಿ ಬೇರೆಯೇ ಹೊಳಪು ಕಂಡರೆ ಆ ತುಂಡು ಕಲಿಕೆಗೆ ಬೇಡ. ಕ್ರೋಮಿನ ಹೊಳಪಿನ ಕುರ್ಚಿಕಾಲು ಕೂಡ ಬೇಡ. ಮುಚ್ಚಿದ ಡ್ರಮ್ಮು, ಹಳೆ ಪೆಟ್ರೋಲ್ ಟಾಂಕಿಯನ್ನಂತೂ ತೊಳೆದಿದ್ದೇನೆ ಎಂಬ ಧೈರ್ಯದಲ್ಲೂ ಮುಟ್ಟಬೇಡಿ, ಒಳಗೆ ಉಳಿದ ಆವಿ ಸ್ಫೋಟವಾಗಿ ಜೀವ ಹೋಗುತ್ತದೆ.

ಕಲಿಕೆಗೆ ಎಷ್ಟು ಕಬ್ಬಿಣ ಬೇಕು? 50-6ರ ಪಟ್ಟಿಯನ್ನು ಹತ್ತು ಸೆಂಟಿಮೀಟರಿನ ಹತ್ತು ತುಂಡು ಮಾಡಿದರೆ 2.4 ಕಿಲೋ. ಒಂದರ ಮೇಲೆ ಒಂದನ್ನು ನೆಟ್ಟಗೆ ನಿಲ್ಲಿಸಿ ಒಂದೇ ಬದಿಗೆ ವೆಲ್ಡ್ ಹಾಕಿ, ತಣಿದ ಮೇಲೆ ವೈಸಿನಲ್ಲಿ ಹಿಡಿದು ಸುತ್ತಿಗೆಯಿಂದ ವೆಲ್ಡಿನ ಕಡೆಗೇ ಬಗ್ಗಿಸಿ. ಮುರಿದರೆ ಒಳಗೆ ನೋಡಿ. ಕಪ್ಪು ಗೆರೆ ಇದ್ದರೆ ಸ್ಲ್ಯಾಗ್, ಅಂದರೆ ರಾಡಿನ ಲೇಪ ಕರಗಿ ಆದ ಕಿಟ್ಟ, ಸಿಕ್ಕಿಕೊಂಡಿದೆ. ತುಂಡಿನ ಮೂಲ ಅಂಚು ಕರಗದೆ ಹಾಗೇ ಇದ್ದರೆ ಕರೆಂಟು ಸಾಲಲಿಲ್ಲ, ಇಲ್ಲವೇ ಕೈ ಬೇಗ ಓಡಿತು. ಸಣ್ಣ ಸಣ್ಣ ತೂತುಗಳಿದ್ದರೆ ತುಕ್ಕು, ಎಣ್ಣೆ, ಬಣ್ಣ ಉಳಿದಿತ್ತು, ಅಥವಾ ರಾಡ್ ಹಸಿಯಾಗಿತ್ತು. ಮುರಿದ ತುಂಡನ್ನು ಗ್ರೈಂಡರಿನಲ್ಲಿ ಸಾಫು ಮಾಡಿ ಮತ್ತೆ ಬಳಸಬಹುದು.

ವರ್ಷಕ್ಕೆ 3000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು ನಮ್ಮದು. ತಂದ ಕಬ್ಬಿಣವನ್ನು ನೆಲಕ್ಕೆ ತಾಗಿಸದೆ ಮರದ ಮೇಲಿಡಿ. ಕೂಡಿಸುವ ಅಂಚು ಒಂದಿಂಚು ಬಿಟ್ಟು ಉಳಿದದ್ದಕ್ಕೆ ಅಂದೇ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಹಚ್ಚಿ. ರಾಡಿನ ಪ್ಯಾಕೆಟ್ ಒಡೆದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಹಸಿ ಹಿಡಿದ 6013 ರಾಡುಗಳನ್ನು 100ರಿಂದ 120 ಡಿಗ್ರಿ ಬಿಸಿಯಲ್ಲಿ ಒಂದು ಗಂಟೆ ಒಣಗಿಸಿದರೆ ಮತ್ತೆ ಸರಿಯಾಗಿ ಉರಿಯುತ್ತವೆ. ಲೇಪ ಉದುರಿ ಒಳಗಿನ ತಂತಿ ತುಕ್ಕು ಹಿಡಿದಿದ್ದರೆ ಅದನ್ನು ಗುಜರಿಯ ಚೀಲಕ್ಕೇ ಹಾಕಿ.

ನಮಸ್ಕಾರ.